ಮೀನಿಗೊಂದು ಮಣೆ

ಮನೆಗೂ ಮಣೆಗೂ ಒಂದೇ ಅಕ್ಷರದ ದೂರ. ನಾಲಗೆಯ ತುದಿಯನ್ನು ಹಲ್ಲಿನ ಹಿಂಬದಿಗೆ ತಾಗಿಸಿದರೆ ಮನೆ. ಅದನ್ನೇ ಒಂದಿಷ್ಟು ಹಿಂದಕ್ಕೆ ಮಡಚಿದರೆ ಮಣೆ. ಮಡಚುವ ತಾಳ್ಮೆ ಇಲ್ಲದವರ ಬಾಯಲ್ಲಿ ಎರಡೂ ಒಂದೇ. ಮೂರನೇ ಕ್ಲಾಸಿನಲ್ಲಿ ‘ಅಜ್ಜ ಮನೆಯ ಮೇಲೆ ಕುಳಿತು ಊಟ ಮಾಡಿದರು’ ಎಂದು ಬರೆದ ನನ್ನನ್ನು ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ, ‘ಮಳೆಗಾಲದಲ್ಲೂ ಮಾಡು ಹತ್ತಿಯೇ ಉಣ್ಣುತ್ತಾರಾ ನಿನ್ನಜ್ಜ?’ ಎಂದು ಕೇಳಿದ್ದರು. ಕ್ಲಾಸು ನಕ್ಕಿತು. ಅಂದಿನಿಂದ ಮಣೆಯೆಂದರೆ ನನಗೆ ಒಂದು ಬಗೆಯ ಎಚ್ಚರ. ಕೂರುವ ಮೊದಲು ಅದರ ಕಾಗುಣಿತ ಸರಿಯಿದೆಯೇ ಎಂದು ಮನಸ್ಸಿನಲ್ಲೇ ನೋಡಿಕೊಂಡು ಕೂರುವವನು ನಾನು.

ನಾವುಂದದ ನಮ್ಮ ಹಳೇ ಮನೆಯಲ್ಲಿ ಮನುಷ್ಯರಿಗಿಂತ ಮಣೆಗಳೇ ಹೆಚ್ಚಿದ್ದವು. ಉಣ್ಣಲು ಕೂರುವ ಮಣೆ, ಕಾಯಿ ಹೆರೆಯುವ ಹೆರೆಮಣೆ, ಶ್ಯಾವಿಗೆ ಒತ್ತುವ ಮಣೆ, ದೇವರನ್ನು ಕೂರಿಸುವ ಮಣೆ, ಮಳೆಗಾಲದಲ್ಲಿ ಹೊತ್ತು ಕೊಲ್ಲಲು ಏಳೇಳರಂತೆ ಎರಡು ಸಾಲು ಗುಳಿಯಿದ್ದ ಚೆನ್ನೆಮಣೆ, ಮತ್ತೆ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟ ಹಸೆಮಣೆ. ಹುಟ್ಟಿದವನು ನಡೆಯಲು ಕಲಿಯುವ ಮೊದಲು ಮಣೆಯ ಮೇಲೆ ಕೂರುವುದನ್ನು ಕಲಿಯುತ್ತಿದ್ದ. ಆಮೇಲೆ ಊಟದ ಮೇಜು ಬಂತು, ಮಂಡಿನೋವೂ ಬಂತು. ಯಾವುದು ಮೊದಲು ಬಂತು ಎಂಬುದರ ಬಗ್ಗೆ ನನಗೂ ಹೆಂಡತಿಗೂ ಭಿನ್ನಾಭಿಪ್ರಾಯ ಉಂಟು. ಈಗ ಯಾರೂ ಮಣೆಯ ಮೇಲೆ ಕೂರುವುದಿಲ್ಲ. ‘ಮಣೆ ಹಾಕುವುದು’ ಮಾತ್ರ ಭಾಷೆಯಲ್ಲಿ ಉಳಿದಿದೆ. ಅಧಿಕಾರಕ್ಕೆ ಮಣೆ ಹಾಕುತ್ತಾರೆ, ಹಣಕ್ಕೆ ಮಣೆ ಹಾಕುತ್ತಾರೆ. ಕಳೆದ ಡಿಸೆಂಬರಿನಲ್ಲಿ ನಾನು ಒಂದು ಮೀನಿಗೆ ಮಣೆ ಹಾಕಿದೆ. ಅದರ ಕತೆಯೇ ಇದು. ಅವಸರವಿದ್ದವರು ಮುಂದಿನ ಲೇಖನಕ್ಕೆ ದಾಟಿಕೊಳ್ಳಬಹುದು, ಬೇಸರವಿಲ್ಲ.

ಮಣೆ ತಂದವನು ಅಕ್ಕನ ಮಗ. ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷಕ್ಕೊಮ್ಮೆ ಊರು. ಅಳಿಯಕಟ್ಟಿನ ಕಾಲವಾಗಿದ್ದರೆ ಈ ಮನೆ, ಮನೆಯೊಳಗಿನ ಮಣೆ ಎಲ್ಲ ಅವನಿಗೇ ಸೇರಬೇಕಿತ್ತು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಆದರೂ ಅವನು ಬಂದಾಗಲೆಲ್ಲ ನನಗೆ ಎಲ್ಲಿಯೋ ಒಂದು ಲೆಕ್ಕ ಬಾಕಿ ಇದೆಯೆಂಬ ಅಳುಕು. ಅವನೋ ಪಾಪ, ಕೇಳುವ ಬದಲು ಕೊಡಲಿಕ್ಕೇ ಬರುತ್ತಾನೆ. ಚಾಕಲೇಟು, ಮೂಗಿಗೆ ಬಡಿಯುವ ಸಾಬೂನು, ಯಾರಿಗೂ ಹಿಡಿಸದ ಟೀ ಶರ್ಟು ಎಲ್ಲ ಹೊರಬಂದ ಮೇಲೆ ಪೆಟ್ಟಿಗೆಯ ತಳದಿಂದ ಒಂದು ಹಲಗೆ ಬಂತು. ಒಂದು ಮೊಳ ಉದ್ದ, ಗೇಣಿಗೆ ಒಂದೆರಡು ಬೆರಳು ಕಡಿಮೆ ಅಗಲ, ಅರ್ಧ ಇಂಚು ದಪ್ಪವೂ ಇಲ್ಲದ, ತಿಳಿಗೆಂಪು ಬಣ್ಣದ ಹಲಗೆ.

‘ಮಾವ, ಇದ್ ಮೀನ್ ಸುಡು ಹಲ್ಗಿ’ ಎಂದ.

‘ಅಷ್ಟ್ ದೂರದಿಂದ ಬಪ್ಪತಿಗೆ ಒಂದ್ ಕಟ್ಗಿ ತುಂಡ್ ತಂದದ್ದಾ?’ ಎಂದಳು ನನ್ನ ಹೆಂಡತಿ. ಕಟ್ಟಿಗೆ ಕೊಟ್ಟಿಗೆಯ ಕಡೆಗೊಮ್ಮೆ ನೋಡಿದಳು. ಅಲ್ಲಿ ಮುಂದಿನ ಮಳೆಗಾಲಕ್ಕೂ ಸಾಕಾಗುವಷ್ಟು ಗೇರುಕಟ್ಟಿಗೆ ಪೇರಿಸಿಟ್ಟಿತ್ತು.

ನಾನು ಹಲಗೆಯನ್ನು ಮೂಗಿಗೆ ಹಿಡಿದೆ. ಶಾಲೆ ಸುರುವಾಗುವ ದಿನ ಹೊಸ ಪೆನ್ಸಿಲನ್ನು ಬ್ಲೇಡಿನಲ್ಲಿ ಕೆತ್ತಿದಾಗ ಬರುವ ವಾಸನೆ. ಅದರ ಹಿಂದೆ ಬಾಗಿಲು ಹಾಕಿಟ್ಟ ದೇವರ ಕೋಣೆಯ ವಾಸನೆ. ಅದರ ಹಿಂದೆ ಹೆಸರು ಹೇಳಲಾಗದ ಇನ್ನೊಂದು, ತಂಪಾದದ್ದು. ಇದು ಸೀಡರ್ ಮರವಂತೆ. ನಾನು ಕೂಡಲೇ ‘ಓಹೋ, ದೇವದಾರು’ ಎಂದು ನನ್ನ ಪಾಂಡಿತ್ಯವನ್ನು ಹರವಿದೆ. ಆಮೇಲೆ ಓದಿ ನೋಡಿದರೆ ಅಲ್ಲ. ಹಿಮಾಲಯದ ನಮ್ಮ ದೇವದಾರು ಅಸಲಿ ಸೀಡರ್; ಅಮೆರಿಕದ ಪಡುಕರಾವಳಿಯ ಈ ಕೆಂಪು ಸೀಡರ್ ಸೈಪ್ರೆಸ್ ಕುಲದ್ದು. ಹೊಸ ದೇಶಕ್ಕೆ ಹೋದ ಬಿಳಿಯರು ತಮಗೆ ಗೊತ್ತಿದ್ದ ಮರದ ವಾಸನೆ ಬಂದ ಮರಕ್ಕೆಲ್ಲ ಗೊತ್ತಿದ್ದ ಹೆಸರನ್ನೇ ಇಟ್ಟುಬಿಟ್ಟರು. ಇಲ್ಲಿಗೆ ಬಂದಾಗಲೂ ಅದೇ ಕೆಲಸ. ಮುಂಬಯಿಯವರು ರಾವಸ್ ಎನ್ನುವ ಮೀನಿಗೆ ಇಂಡಿಯನ್ ಸಾಲ್ಮನ್ ಎಂದರು. ಕೆನ್ನೆಯ ಕೆಳಗೆ ದಾರದಂಥ ಎಳೆಗಳನ್ನು ಇಳಿಬಿಟ್ಟುಕೊಂಡು ಓಡಾಡುವ ಆ ಮೀನಿಗೂ ಸಾಲ್ಮನ್‌ಗೂ ಹುಟ್ಟುನೆಂಟಸ್ತಿಕೆಯೂ ಇಲ್ಲ, ಮದುವೆನೆಂಟಸ್ತಿಕೆಯೂ ಇಲ್ಲ. ನಾನು ಇದನ್ನು ಅವರ ಅಜ್ಞಾನ ಎನ್ನಲಾರೆ. ಊರಿನ ನೆನಪು ಕಾಡಿದವನು ಸಿಕ್ಕಿದ್ದಕ್ಕೆಲ್ಲ ಊರಿನ ಹೆಸರಿಡುತ್ತಾನೆ. ನಮ್ಮ ಅಳಿಯನೇ ಅಲ್ಲಿಯ ಯಾವುದೋ ಸಣ್ಣ ಮೀನನ್ನು ಹುರಿದು ‘ಬೈಗಿ ತಿಂದೆ’ ಎಂದು ಫೋಟೋ ಕಳಿಸುತ್ತಾನೆ. ನೋಡಿದರೇ ಗೊತ್ತಾಗುತ್ತದೆ, ಅದು ಬೈಗೆಯಲ್ಲ. ‘ಚಂದ ಇತ್’ ಎಂದು ಉತ್ತರ ಹಾಕುತ್ತೇನೆ.

ಆ ಸೀಮೆಯ ಮೂಲನಿವಾಸಿಗಳಿಗೆ ಸಾಲ್ಮನ್ ಮತ್ತು ಸೀಡರ್ ಎರಡೂ ಮನೆಯ ಮಂದಿಯಿದ್ದ ಹಾಗೆ. ಆ ಮರದಲ್ಲೇ ಅವರು ದೋಣಿ ಕೊರೆದರು, ಹಲಗೆ ಸೀಳಿ ಮನೆ ಕಟ್ಟಿದರು, ತೊಗಟೆಯ ನಾರಿನಲ್ಲಿ ಬಟ್ಟೆ ನೇಯ್ದರು. ಮೀನನ್ನು ಬೆನ್ನ ಕಡೆಯಿಂದ ಸೀಳಿ ಹರವಿ, ಮರದ ಕಡ್ಡಿಗಳ ನಡುವೆ ಸಿಕ್ಕಿಸಿ, ಬೆಂಕಿಯ ಸುತ್ತ ನೆಟ್ಟು ಬೇಯಿಸಿದರು. ಬಿಳಿಯರ ಅಡುಗೆಮನೆಗೂ ಹಲಗೆ ಹೊಸತಲ್ಲ. 1896ರಲ್ಲಿ ಬಂದ ಫ್ಯಾನಿ ಫಾರ್ಮರ್ ಅವರ ಬೋಸ್ಟನ್ ಅಡುಗೆ ಪುಸ್ತಕದಲ್ಲಿ ಒಂದಿಂಚು ದಪ್ಪದ ಓಕ್ ಹಲಗೆಯ ಮೇಲೆ ಶ್ಯಾಡ್ ಮೀನನ್ನು ಮಲಗಿಸಿ, ಬೆಣ್ಣೆ ಸವರಿ ಬೇಯಿಸುವ ಕ್ರಮವಿದೆ. ಈ ಶ್ಯಾಡ್ ನಮ್ಮ ಬೈಗೆಗೆ ದೂರದ ನೆಂಟ. ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಬೈಗೆಯ ನೆಂಟರೊಬ್ಬರಿಗೆ ಬೋಸ್ಟನ್ನಿನಲ್ಲಿ ಮಣೆ ಹಾಕಿದ್ದರೆಂದು ತಿಳಿದು, ನಾವುಂದದವನಾದ ನನಗೆ ಯಾಕೋ ಹೆಮ್ಮೆಯಾಯಿತು.

ಹಲಗೆ ಬಂತು. ಮೀನು? ಸಾಲ್ಮನ್ ತಣ್ಣೀರಿನ ಪ್ರಾಣಿ. ಅರಬ್ಬೀ ಸಮುದ್ರದ ಬೆಚ್ಚನೆ ಸೆಖೆ ಅದಕ್ಕಾಗದು. ಅಳಿಯ ಅದಕ್ಕೂ ದಾರಿ ಮಾಡಿದ್ದ. ಬೆಂಗಳೂರಿನಲ್ಲಿ ಕೊಂಡ ನಾರ್ವೆಯ ಸಾಲ್ಮನ್ ತುಂಡು, ಮಂಜಿನ ಪೆಟ್ಟಿಗೆಯಲ್ಲಿ ಕೂತು, ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪಯಣಿಸಿ, ಶಿರಾಡಿ ಘಾಟಿ ಇಳಿದು, ಬೆಳಿಗ್ಗೆ ಕುಂದಾಪುರಕ್ಕೆ ಬಂತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ನಮ್ಮ ಐದು ನದಿಗಳ ಹೆಸರು ಹೊತ್ತ ರೈಲಿನಲ್ಲಿ ನಾರ್ವೆಯ ಮೀನು ಬರುವುದೆಂದರೆ! ಮೀನಿದ್ದ ಊರಿಗೆ ರೈಲಿನಲ್ಲಿ ಮೀನು ತರಿಸಿದವನು ಎಂಬ ಕೀರ್ತಿ ನನಗೆ ಅಂಟಿತು. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಅಪಕೀರ್ತಿ ಇಲ್ಲ.

ಅಂದು ಬೆಳಿಗ್ಗೆ ಮೀನಿನ ಬುಟ್ಟಿ ಇಳಿಸಿದ ಹೆಂಗಸಿನ ಕಣ್ಣಿಗೂ ಅದು ಬಿತ್ತು. ಮೂವತ್ತು ವರ್ಷದಿಂದ ನಮ್ಮ ಮನೆಗೆ ಮೀನು ಕೊಡುವವಳು. ನಮ್ಮ ಮನೆಯ ಯಾವ ಗುಟ್ಟೂ ಅವಳಿಗೆ ಹೊಸತಲ್ಲ. ತಟ್ಟೆಯ ಮೇಲೆ ಮಲಗಿದ್ದ, ಹಣ್ಣಾದ ಗೇರುಹಣ್ಣಿನ ಬಣ್ಣದ ಆ ತುಂಡನ್ನು ಸುತ್ತಿ ಬಂದು ನೋಡಿದಳು.

‘ಹ್ವಾಯ್, ಇದ್ರ ಮೊಖ ಎಲ್ಲಿತ್?’

ಉತ್ತರವಿರಲಿಲ್ಲ. ನಾವು ಮೀನು ಕೊಳ್ಳುವುದು ಮುಖ ನೋಡಿ. ಕಣ್ಣು ಹೊಳೆಯುತ್ತದೆಯೇ, ಕಿವಿರು ಎತ್ತಿದರೆ ಒಳಗೆ ಕೆಂಪಿದೆಯೇ, ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲುತ್ತದೆಯೇ ಎಂದು ನೋಡಿಯೇ ಮಾತು ಮುಂದುವರಿಸುವುದು. ತಲೆ, ಬಾಲ, ಮುಳ್ಳು ಒಂದೂ ಇಲ್ಲದ ಈ ಮೀನನ್ನು ಒಪ್ಪಿಕೊಳ್ಳುವುದು ಮುಖ ನೋಡದೆ ಮದುವೆಗೆ ಒಪ್ಪಿದ ಹಾಗೆ. ಬಣ್ಣವಾದರೂ ಅದರ ಸ್ವಂತದ್ದೋ? ಕಡಲಲ್ಲಿ ತಿರುಗುವ ಸಾಲ್ಮನ್‌ಗೆ ಆ ರಂಗು ಬರುವುದು ಅದು ತಿನ್ನುವ ಸೀಗಡಿ ಜಾತಿಯ ಹುಳುಗಳಿಂದ. ಬಲೆಯ ಪಂಜರದಲ್ಲಿ ಸಾಕಿದ್ದಕ್ಕೆ ಅದೇ ಬಣ್ಣದ ವಸ್ತುವನ್ನು ಮೇವಿನಲ್ಲಿ ಬೆರೆಸಿ ತಿನ್ನಿಸುತ್ತಾರೆ. ಅಸ್ಟಾಕ್ಸಾಂತಿನ್ ಎಂದು ಅದರ ಹೆಸರು. ಇದನ್ನು ವಿವರಿಸಿದಾಗ ಅವಳು, ‘ಹಂಗಾರೆ ಒಳಗಿಂದ ಪೌಡರ್ ಹಾಕದ್ದ್’ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಹೋಗುವಾಗ ಬೇಡವೆಂದರೂ ಎಂಟು ಬಂಗ್ಡೆ ಇಟ್ಟು ಹೋದಳು. ಮುಂದಾಲೋಚನೆ ಎಂದರೆ ಅದು.

ಹಲಗೆಯನ್ನು ನೀರಲ್ಲಿ ನೆನೆಹಾಕಬೇಕು, ಕಡಿಮೆಯೆಂದರೆ ಒಂದು ಗಂಟೆ. ಈ ಅಡುಗೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಇದೇ. ಏನೂ ಮಾಡದೆ ಕೂರಲು ಇಷ್ಟು ಗೌರವದ ನೆಪ ಬೇರೆ ಸಿಗದು. ಯಾರಾದರೂ ಕೇಳಿದರೆ ‘ಹಲಗೆ ನೆನೆಯುತ್ತಿದೆ’ ಎನ್ನಬಹುದು. ತೇಲಿ ಬರುತ್ತಿದ್ದ ಹಲಗೆಯ ಮೇಲೆ ಅಳಿಯ ಒಂದು ಕಡೆಯುವ ಕಲ್ಲಿನ ಗುಂಡನ್ನು ಹೇರಿದ. ಹಲಗೆ ಗುಳುಗುಳು ಎಂದು ನಾಲ್ಕು ಗುಳ್ಳೆ ಬಿಟ್ಟು, ಮುನಿಸಿಕೊಂಡವರ ಹಾಗೆ ತಳ ಸೇರಿತು. ನಾವಿಬ್ಬರೂ ಮರವಂತೆಯ ಕಡೆಗೆ ನಡೆಯಲು ಹೊರಟೆವು.

ಮರವಂತೆಯ ವಿಷಯ ಗೊತ್ತಿಲ್ಲದವರಿಲ್ಲ. ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಕೊಡಚಾದ್ರಿಯ ಮಗ್ಗುಲಲ್ಲಿ ಹುಟ್ಟಿ, ಕೊಲ್ಲೂರಿನಲ್ಲಿ ಮೂಕಾಂಬಿಕೆಯ ಕಾಲು ತೊಳೆದು, ಅಷ್ಟು ದೂರ ಹರಿದು ಬಂದ ನದಿ ಇಲ್ಲಿ ಸಮುದ್ರಕ್ಕೆ ಕೂಗಳತೆಯೂ ಅಲ್ಲ, ಪಿಸುಮಾತಿನ ಅಳತೆಯಲ್ಲಿ ನಿಂತುಬಿಡುತ್ತದೆ. ರಸ್ತೆ ದಾಟಿದರೆ ಗಂಡನ ಮನೆ. ಆದರೆ ದಾಟುವುದಿಲ್ಲ. ತಿರುಗಿ, ಬಳಸಿ, ಕುದ್ರುಗಳನ್ನು ಮಾತಾಡಿಸಿಕೊಂಡು ಹೋಗಿ, ಗಂಗೊಳ್ಳಿಯಲ್ಲಿ ಉಳಿದ ನಾಲ್ವರು ಅಕ್ಕತಂಗಿಯರ ಜೊತೆಗೂಡಿಯೇ ಕಡಲು ಸೇರುತ್ತದೆ. ಲಲಿತ ಪ್ರಬಂಧ ಬರೆಯುವವರೆಲ್ಲ ಈ ನದಿಯನ್ನು ಒಮ್ಮೆ ನೋಡಬೇಕು. ಹೇಳಬೇಕಾದ್ದು ಎದುರಿಗೇ ಇದ್ದರೂ ಬಳಸಿ ಹೋಗುವುದರಲ್ಲಿ ಎಂಥ ಸುಖವಿದೆ!

ಬಂಡೆಗಲ್ಲಿನ ಮೇಲೆ ಕೂತು ಅಳಿಯ ಸಾಲ್ಮನ್‌ನ ಕತೆ ಹೇಳಿದ. ಅದು ಹುಟ್ಟುವುದು ನದಿಯ ಸಿಹಿನೀರಿನಲ್ಲಿ, ಬೆಳೆಯುವುದು ಕಡಲಲ್ಲಿ, ಮೊಟ್ಟೆಯಿಡುವ ಕಾಲಕ್ಕೆ ಸಾವಿರಾರು ಮೈಲಿಯಿಂದ ತಾನು ಹುಟ್ಟಿದ ಅದೇ ನದಿಗೆ, ಹೆಚ್ಚಿನವು ಅದೇ ತೊರೆಗೆ ಮರಳುತ್ತವೆ. ಪೆಸಿಫಿಕ್ ಕಡಲಿನ ಸಾಲ್ಮನ್‌ಗಳು ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತವೆ. ವಿಳಾಸ ಹೇಗೆ ನೆನಪಿರುತ್ತದೆ? ಇದನ್ನು ಬಿಡಿಸಿದವರು ಅಮೆರಿಕದ ಆರ್ಥರ್ ಹ್ಯಾಸ್ಲರ್ ಎಂಬ ವಿಜ್ಞಾನಿ. 1946ರಲ್ಲಿ ಅವರು ತಮ್ಮ ಹುಟ್ಟುಸೀಮೆ ಯೂಟಾದ ಬೆಟ್ಟ ಹತ್ತುತ್ತಿದ್ದಾಗ, ಕಣ್ಣಿಗಿನ್ನೂ ಕಾಣದ ಒಂದು ಜಲಪಾತದ ಕಡೆಯಿಂದ ಪಾಚಿ ಮತ್ತು ಕಾಡುಹೂವಿನ ವಾಸನೆ ಹೊತ್ತ ತಂಗಾಳಿ ಬೀಸಿತಂತೆ. ಆ ಒಂದು ಉಸಿರಿಗೆ, ಮರೆತೇಹೋಗಿದ್ದ ಬಾಲ್ಯದ ಗೆಳೆಯರೆಲ್ಲ ಎದ್ದು ಬಂದರಂತೆ. ನನಗೆ ಹೀಗಾಗುವುದಾದರೆ ಮೀನಿಗೂ ಯಾಕಾಗಬಾರದು ಎಂದುಕೊಂಡರು ಹ್ಯಾಸ್ಲರ್. 1951ರಲ್ಲಿ ಜೊತೆಗಾರ ವಿಸ್ಬಿಯವರೊಂದಿಗೆ ಸೇರಿ ಪ್ರತಿ ತೊರೆಗೂ ಅದರದೇ ವಾಸನೆ ಉಂಟು, ಮರಿಮೀನು ಅದನ್ನು ಕಲಿತಿಟ್ಟುಕೊಳ್ಳುತ್ತದೆ ಎಂಬ ವಾದ ಮಂಡಿಸಿದರು. ಮುಂದೆ ಮರಿಗಳಿಗೆ ಒಂದು ರಾಸಾಯನಿಕದ ವಾಸನೆ ಕಲಿಸಿ ಬಿಟ್ಟಾಗ, ಬೆಳೆದ ಮೀನುಗಳು ಅದೇ ವಾಸನೆ ಬೆರೆಸಿದ ಹೊಳೆಯನ್ನೇ ಹುಡುಕಿ ಬಂದವು.

ನಾನು ಆ ಕಡೆ ಕಡಲನ್ನೂ ಈ ಕಡೆ ನದಿಯನ್ನೂ ನೋಡಿದೆ. ಸಾಲ್ಮನ್‌ಗೆ ಇದಕ್ಕಿಂತ ಅನುಕೂಲದ ಊರು ಇದೆಯೇ? ಗಂಗೊಳ್ಳಿಯವರೆಗೆ ಬಳಸುವ ಕೆಲಸವೂ ಇಲ್ಲ, ಹೆದ್ದಾರಿ ದಾಟಿದರಾಯಿತು. ಆದರೆ ನಮ್ಮ ಮನೆಯಲ್ಲಿರುವ ಸಾಲ್ಮನ್ ನದಿಯನ್ನೇ ಕಂಡದ್ದಲ್ಲ. ತೊಟ್ಟಿಯಲ್ಲಿ ಹುಟ್ಟಿ ಪಂಜರದಲ್ಲಿ ಬೆಳೆದ ಜೀವ. ಅದಕ್ಕೆ ಮರಳುವುದಕ್ಕೆ ಯಾವ ವಾಸನೆ? ಅಳಿಯ ಸುಮ್ಮನೆ ಮರಳು ಕೆದಕುತ್ತಿದ್ದ. ಅವನ ಮಗಳು ಸಿಯಾಟಲ್‌ನಲ್ಲೇ ಹುಟ್ಟಿದವಳು. ಅವಳ ತೊರೆ ಯಾವುದು ಎಂದು ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ‘ಹಲ್ಗಿ ನೆನೆದಿರತ್ತ್ ಮಾವ’ ಎಂದು ಎದ್ದ.

ಅಂಗಳದಲ್ಲಿ ನಾಲ್ಕು ಮುರಕಲ್ಲು ಜೋಡಿಸಿ ಒಲೆಯಾಯಿತು. ತೆಂಗಿನ ಗೆರಟೆ ಸುಟ್ಟು ಕೆಂಡ. ಮೇಲೆ ಕಬ್ಬಿಣದ ಸರಳು. ಅಮೆರಿಕದ ಒಲೆಗೆ ಮುಚ್ಚಳವಿರುತ್ತದಂತೆ. ನಮ್ಮದಕ್ಕೆ ನೆಂಟರು ಬಂದಾಗ ಅನ್ನ ಮಾಡುವ ಕಡಾಯಿಯನ್ನು ಕವುಚಿ ಹಾಕುವುದೆಂದಾಯಿತು. ಹೆಂಡತಿ ಕಡಾಯಿಯನ್ನು ಕೊಟ್ಟಳು, ಮುಖವನ್ನು ಕೊಡಲಿಲ್ಲ.

ಮೀನಿನ ಅರ್ಧಕ್ಕೆ ಅಳಿಯನ ಕ್ರಮ: ಉಪ್ಪು, ಕಾಳುಮೆಣಸು, ನಿಂಬೆ, ಚೂರು ಬೆಲ್ಲ. ಇನ್ನರ್ಧಕ್ಕೆ ನನ್ನ ಹಟ: ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ ಸೇರಿಸಿ ಅರೆದ ಮಸಾಲೆ. ನೆನೆದ ಹಲಗೆಯನ್ನು ಮೊದಲು ಬರಿದೇ ಕೆಂಡದ ಮೇಲಿಟ್ಟೆವು. ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಅಂಚಿನಲ್ಲಿ ಸಣ್ಣ ಚಿಟಿಚಿಟಿ. ನರಗಳ ಉದ್ದಕ್ಕೂ ನೀರು ಬೆವರಾಗಿ ಬಂತು. ಒಂದು ಮೂಲೆಯಿಂದ ನೀಲಿ ಎಳೆಯ ಹೊಗೆ ಎದ್ದು, ಯಾವ ಕಡೆ ಹೋಗಲಿ ಎಂದು ಕೇಳುವಂತೆ ತಡೆದು ನಿಂತು, ತೆಂಗಿನ ಬುಡದ ಕಡೆ ಹೋಯಿತು. ಅಂಗಳವಿಡೀ ಪೆನ್ಸಿಲು ಕೆತ್ತಿದ ವಾಸನೆ. ಆಗ ಮೀನನ್ನು, ಸಿಪ್ಪೆಯ ಮಗ್ಗುಲು ಕೆಳಗಾಗಿ, ಹಲಗೆಯ ಮೇಲೆ ಇಳಿಸಿದೆವು. ಇಳಿಸುವಾಗ ಇಬ್ಬರೂ ಎರಡು ಕೈ ಕೊಟ್ಟದ್ದು, ಮೆಲ್ಲಗೆ ಕೂರಿಸಿದ್ದು ನೋಡಿದರೆ ಮದುಮಗನನ್ನು ಹಸೆಗೇರಿಸಿದ ಹಾಗೇ ಇತ್ತು.

ಹಲಗೆಯಡುಗೆಯ ಮರ್ಮ ಇಷ್ಟೇ. ಮೀನು ಬೆಂಕಿಯ ಮುಖ ನೋಡುವುದಿಲ್ಲ. ಕೆಳಗಿನ ಕಿಚ್ಚನ್ನು ಮರ ತಡೆದು ನಿಲ್ಲುತ್ತದೆ. ಮರದೊಳಗಿನ ನೀರು ಆವಿಯಾಗುವಷ್ಟು ಹೊತ್ತು ಬೆಂಕಿಗೆ ಮರವೂ ದಕ್ಕುವುದಿಲ್ಲ. ಮೀನು ಮುಚ್ಚಳದೊಳಗಿನ ಬಿಸಿಗಾಳಿಯಲ್ಲಿ, ಅರೆ ಹೊಗೆಯಲ್ಲಿ, ಅರೆ ಹಬೆಯಲ್ಲಿ ನಿಧಾನವಾಗಿ ಬೇಯುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ. ಯಾರೋ ಒಬ್ಬರು ಕೆಳಗೆ ಸುಟ್ಟುಕೊಳ್ಳುತ್ತಿರುವುದರಿಂದಲೇ ಮೇಲಿರುವವರು ಹದವಾಗಿ ಬೇಯುವುದು. ಮನೆಯಲ್ಲೂ ಹೀಗೆಯೇ ಎಂದು ನನಗೆ ಹೊಳೆಯಿತು. ಆದರೆ ನಮ್ಮ ಮನೆಯಲ್ಲಿ ಕೆಳಗಿರುವವರು ಯಾರು ಎಂದು ಹೆಂಡತಿ ಕೇಳಿಬಿಟ್ಟರೆ ಎಂದು ಆ ದರ್ಶನವನ್ನು ಅಲ್ಲಿಗೇ ಬಿಟ್ಟೆ.

ಬಿಟ್ಟದ್ದು ಒಳ್ಳೆಯದೇ ಆಯಿತು. ‘ಹಲ್ಗಿಗ್ ಬೆಂಕಿ ಹತ್ತಿತ್ ಕಾಣಿ!’ ಎಂದು ಜಗಲಿಯಿಂದ ಕೂಗು ಬಂತು. ಗೆರಟೆಯ ಕೆಂಡದ ಸ್ವಭಾವವೇ ಹಾಗೆ. ಸತ್ತಂತೆ ನಟಿಸಿ ಒಮ್ಮೆಗೇ ಏಳುತ್ತದೆ. ಹಲಗೆಯ ಎಡದಂಚು ಹೊತ್ತಿಕೊಂಡಿತ್ತು. ಅಳಿಯ ನೀರು ಚಿಮುಕಿಸುವ ಬಾಟಲಿ ಹುಡುಕುತ್ತಿದ್ದ. ನಾನು ‘ನೀರು, ನೀರು’ ಎಂದು ಅದರ ಹೆಸರು ಹೇಳುತ್ತಿದ್ದೆ. ಹೆಂಡತಿ ಚೊಂಬಿನ ನೀರನ್ನು ಬೊಗಸೆಯಲ್ಲಿ ತೆಗೆದು, ಮೀನಿಗೆ ಹನಿಯೂ ಬೀಳದಂತೆ, ಅಂಚಿಗೆ ಮಾತ್ರ ಎರಚಿ ಒಳಗೆ ಹೋದಳು.

ಅಳಿಯನಲ್ಲಿ ಮೀನಿನ ಜ್ವರ ನೋಡುವ ಒಂದು ಕಡ್ಡಿಯಿತ್ತು. ಅದನ್ನು ಚುಚ್ಚಿ, ಒಳಗೆ 63 ಡಿಗ್ರಿ ಸೆಲ್ಸಿಯಸ್ ಬಂದರೆ ಬೆಂದಂತೆ, ಅದು ಅಮೆರಿಕದ ಸರ್ಕಾರದ ಲೆಕ್ಕ ಎಂದ. ಹೆಂಡತಿ ಹೊರಬಂದು ಬೆರಳಲ್ಲಿ ಒತ್ತಿ, ‘ಬೆಂದಿತ್’ ಎಂದಳು. ಕಡ್ಡಿ ಒಂದು ನಿಮಿಷ ಯೋಚಿಸಿ ಅದನ್ನೇ ಹೇಳಿತು.

ರುಚಿ? ಚಮಚೆ ತಾಗಿಸಿದರೆ ಸಾಕು, ಹಳೇ ಪುಸ್ತಕದ ಪುಟಗಳ ಹಾಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತಿತ್ತು. ಬೆಣ್ಣೆಯಂಥ ಜಿಡ್ಡು. ನಾಲಗೆಯ ಮೇಲೆ ಮೊದಲು ಉಪ್ಪು, ಆಮೇಲೆ ಸಿಹಿ, ಎಲ್ಲ ಇಳಿದ ಮೇಲೆ ಮೂಗಿನ ಹಿಂದಿನಿಂದ ಮೆಲ್ಲಗೆ ಆ ಮರ. ನನ್ನ ಮಸಾಲೆಯ ಅರ್ಧದಲ್ಲಿ ಮರವೂ ಇಲ್ಲ, ಸಾಲ್ಮನ್ನೂ ಇಲ್ಲ. ಬ್ಯಾಡಗಿ ಮೆಣಸು ಎಲ್ಲರನ್ನೂ ಹೊರಗಟ್ಟಿ ಒಬ್ಬನೇ ಕೂತಿದ್ದ. ಸೋತೆನೆಂದು ಒಪ್ಪಿಕೊಂಡೆ. ಹೆಂಡತಿ ಅಳಿಯನ ಅರ್ಧದಿಂದ ಒಂದು ತುತ್ತು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದು ತೀರ್ಪು ಕೊಟ್ಟಳು: ‘ದೇವ್ರ ಕೋಣಿಯಂಗೆ ಮೀನ್ ಬೇಸದಂಗ್ ಆಯ್ತ್.’ ಇದು ಹೊಗಳಿಕೆಯೋ ಬೈಗುಳೋ ಎಂದು ಅಳಿಯ ಈಗಲೂ ಕೇಳುತ್ತಾನೆ. ಎರಡನೇ ತುತ್ತು ತೆಗೆದುಕೊಂಡಳು ಎಂಬುದಷ್ಟೇ ನನಗೆ ಗೊತ್ತು.

ಪರಿಮಳವನ್ನು ಸಾಲ ತರುವುದು ನಮಗೇನೂ ಹೊಸತಲ್ಲ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬಿಗೆ ಎಲೆಯ ಪರಿಮಳ. ಅರಿಶಿನ ಎಲೆಯೊಳಗೆ ಮಡಚಿ ಬೇಯಿಸಿದರೆ ಅದೇ ಅಕ್ಕಿಹಿಟ್ಟಿಗೆ ನಾಗರಪಂಚಮಿಯ ಪರಿಮಳ. ಬಾಳೆಲೆಯಲ್ಲಿ ಸುತ್ತಿ ಕೆಂಡದಲ್ಲಿಟ್ಟ ಮೀನಿಗೆ ಎಲೆ ತಾನು ಕರಿಯಾಗಿ ತನ್ನ ಹಸಿರನ್ನು ಕೊಡುತ್ತದೆ. ಎಲೆಯಿಂದ ಪಡೆದವರು ನಾವು, ಮರದ ತನಕ ಹೋಗಲಿಲ್ಲವಲ್ಲ ಯಾಕೆ?

ಈ ಪ್ರಶ್ನೆ ಹಿಡಿದುಕೊಂಡು ಮಾರನೇ ದಿನ ನಮ್ಮ ಆಚಾರ್ರ ಕೊಟ್ಟಿಗೆಗೆ ಹೋದೆ. ಮೀನು ಸುಡಲು ಒಂದು ಹಲಗೆ ಬೇಕಿತ್ತು, ಬಣ್ಣ ಬಳಿದದ್ದಾಗಲಿ ಮದ್ದು ಹೊಡೆದದ್ದಾಗಲಿ ಬೇಡ ಎಂದೆ. ಆಚಾರ್ರು ಕೀಸುಳಿ ನಿಲ್ಲಿಸಿ ಕನ್ನಡಕ ಏರಿಸಿದರು. ಒಂದು ಮರವೂ ಬಿಡದೆ ವಿಚಾರ ಮಾಡಿದೆವು. ಕಾಸರಕ ಕಹಿ, ವಿಷ. ಚೇರಿನ ಮರ ಹತ್ತಿರ ಹೋದರೇ ಮೈ ಉಬ್ಬುತ್ತದೆ. ಗೇರಿನ ಸೊನೆ ಬಾಯಿ ಸುಡುತ್ತದೆ. ಸಾಗುವಾನಿ ಸುಟ್ಟರೆ ಬ್ಯಾಂಕಿನವರು ಅಳುತ್ತಾರೆ. ಹಲಸಿನ ಹಲಗೆ ಚಿನ್ನದ ಬಣ್ಣದ್ದು, ನಮ್ಮ ಮಣೆಗಳೆಲ್ಲ ಅದರವೇ. ಅದರ ತಿರುಳು ಕುದಿಸಿದ ಹಳದಿಯಲ್ಲೇ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಹಾಕುತ್ತಿದ್ದರು. ಭಿಕ್ಷುಗಳ ಬಣ್ಣದ ಮೇಲೆ ಬಂಗ್ಡೆ ಸುಡುವುದು ಬೇಡವೆನಿಸಿತು. ಕೊನೆಗೆ ಉಳಿದದ್ದು ಮಾವು.

ಆಚಾರ್ರು ಒಂದು ಮಾವಿನ ತುಂಡನ್ನು ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: ‘ನಮ್ ಬದಿಯಂಗೆ ಮಾವಿನ್ ಮರದ್ ಮೇಲ್ ಮನ್ಸಿ ಸುಡುದ್ ಮನ್ಷರ್ನ ಮಾರ್ರೆ, ಮೀನಲ್ಲ.’

ನಾನು ತುಂಡನ್ನು ಹಿಡಿದುಕೊಂಡು ನಿಂತೇ ಇದ್ದೆ. ಹೌದಲ್ಲ! ಯಾರಾದರೂ ಹೋದರೆಂದರೆ ಮೊದಲು ಕೇಳಿಸುವುದು ಹಿತ್ತಿಲ ಮಾವಿಗೆ ಬೀಳುವ ಕೊಡಲಿಯ ಏಟು. ಅಂಗಳದಲ್ಲಿ ನಾವು ಹಸೆ ಎಂದುಕೊಂಡು ನಕ್ಕದ್ದು ಚಿತೆಯೂ ಹೌದು. ಮರದ ಮೇಲೆ ಕೂರಿಸುವುದು, ಮರದ ಮೇಲೆ ಮಲಗಿಸುವುದು. ನಮಗೆ ಈ ಎರಡರ ನಡುವೆ ಒಂದು ಆಯುಷ್ಯದ ಅಂತರ ಸಿಗುತ್ತದೆ. ಸಾಲ್ಮನ್‌ಗೆ ಇಪ್ಪತ್ತು ನಿಮಿಷದಲ್ಲಿ ಎರಡೂ ಮುಗಿಯಿತು. ಇಷ್ಟಾಗಿಯೂ ನಾನು ಆ ಮಾವಿನ ತುಂಡನ್ನು ಮನೆಗೆ ತಂದೆ. ಆಚಾರ್ರು ದುಡ್ಡು ತೆಗೆದುಕೊಳ್ಳಲಿಲ್ಲ. ಇಂಥ ಕೆಲಸಕ್ಕೆ ದುಡ್ಡು ತೆಗೆದುಕೊಂಡ ಕ್ರಮವಿಲ್ಲ ಎಂದರು. ಮೀನಿಗೋ ಮನುಷ್ಯರಿಗೋ ಎಂದು ಬಿಡಿಸಿ ಹೇಳಲಿಲ್ಲ.

ಬಂಗ್ಡೆಯನ್ನು ಮಾವಿನ ಹಲಗೆಯ ಮೇಲೆ ಸುಟ್ಟೆವು. ತಲೆಯಿತ್ತು, ಬಾಲವಿತ್ತು, ಮುಖ ನಮ್ಮದೇ ಪರಿಚಯದ್ದು. ಮಾವು ಸೀಡರಿನ ಹಾಗೆ ಮಾತಾಡುವ ಮರವಲ್ಲ. ಎಲ್ಲೋ ಒಂದು ಸಿಹಿ ಹೊಗೆ, ಅಷ್ಟೆ. ಆದರೆ ತಿಂದು ಮುಗಿಸಿ ಹಲಗೆ ತೊಳೆಯಲು ಹೋದಾಗ ನೋಡುತ್ತೇನೆ, ಎಂಟು ಬಂಗ್ಡೆಗಳ ಆಕಾರ ಹಲಗೆಯ ಮೇಲೆ ಎಣ್ಣೆಯಾಗಿ ಇಳಿದುಬಿಟ್ಟಿದೆ. ತೊಳೆದರೂ ಹೋಗಲಿಲ್ಲ, ಬಿಸಿಲಿಗಿಟ್ಟರೂ ಹೋಗಲಿಲ್ಲ. ಮೂಗಿಗೆ ಹಿಡಿದೆ. ಥಟ್ಟನೆ ನಾನು ಎಂಟು ವರ್ಷದವನಾಗಿ, ಚಡ್ಡಿ ಹಾಕಿಕೊಂಡು, ನಾವುಂದದ ಕಡಲತಡಿಯಲ್ಲಿ ನಿಂತಿದ್ದೆ.

ಆಗ ದೋಣಿಗಳೆಲ್ಲ ಮರದವು. ಮಳೆಗಾಲಕ್ಕೆ ಮೊದಲು ಅವನ್ನು ಮೇಲಕ್ಕೆಳೆದು, ತೆಂಗಿನಗರಿಯ ಚಪ್ಪರದಡಿ ಕವುಚಿ, ಬೈಗೆ ಮೀನಿನ ಎಣ್ಣೆ ಬಳಿಯುತ್ತಿದ್ದರು. ಹುಳ ಹಿಡಿಯಬಾರದು, ಉಪ್ಪುನೀರು ಕುಡಿದು ಹಲಗೆ ಕೊಳೆಯಬಾರದು ಎಂದು. ಆ ಎಣ್ಣೆಯ ನಾತ, ಬಿಸಿಲಿಗೆ ಕಾದ ಮರದ ವಾಸನೆ, ಗರಿಯ ನೆರಳಿನ ತಂಪು. ನಾವು ಮಕ್ಕಳು ಮೂಗು ಮುಚ್ಚಿಕೊಂಡು ದೋಣಿಯಡಿಯಲ್ಲೇ ಆಡುತ್ತಿದ್ದೆವು. ಈಗ ಫೈಬರ್ ದೋಣಿ. ಅದಕ್ಕೆ ಎಣ್ಣೆ ಬೇಡ, ವಾಸನೆಯೂ ಇಲ್ಲ. ಆಚಾರ್ರ ಕೊಟ್ಟಿಗೆಗೆ ನಾನು ಹೊತ್ತುಕೊಂಡು ಹೋದ ಪ್ರಶ್ನೆಗೆ ಉತ್ತರ ಈ ಹಲಗೆಯಲ್ಲಿತ್ತು. ಅಲ್ಲಿ ಮರ ಮೀನಿಗೆ ಪರಿಮಳ ಕೊಡುತ್ತದೆ. ನಮ್ಮಲ್ಲಿ ಮೀನು ಮರಕ್ಕೆ ಕೊಡುತ್ತಿತ್ತು. ಬರಿಯ ಪರಿಮಳವಲ್ಲ, ಆಯುಷ್ಯವನ್ನೇ. ಪರಿಮಳಸಾಲದ ಪುಸ್ತಕದಲ್ಲಿ ನಾವು ಕೊಟ್ಟವರ ಕಡೆಯವರು. ಅದಕ್ಕೇ ತೆಗೆದುಕೊಳ್ಳುವ ಯೋಚನೆ ಬರಲಿಲ್ಲ.

ಅಂದು ಸಂಜೆ ಅಟ್ಟ ಹತ್ತಿ, ಅಜ್ಜ ಉಣ್ಣಲು ಕೂರುತ್ತಿದ್ದ ಹಲಸಿನ ಮಣೆಯನ್ನು ಇಳಿಸಿದೆ. ಧೂಳು ಒರೆಸಿ ಮೂಗಿಗೆ ಹಿಡಿದೆ. ಹಲಸಿನ ವಾಸನೆ ಯಾವತ್ತೋ ಹೋಗಿತ್ತು. ತೆಂಗಿನೆಣ್ಣೆ, ಒಗ್ಗರಣೆಯ ಹೊಗೆ, ಚೂರು ಮೀನುಸಾರು, ಬೆವರು. ಅದು ಮಣೆಯ ವಾಸನೆಯಲ್ಲ, ಅದರ ಮೇಲೆ ಕೂತವರದು. ಮೂರನೇ ಕ್ಲಾಸಿನ ಮೇಷ್ಟ್ರು ಈಗ ಇದ್ದಿದ್ದರೆ ಹೇಳುತ್ತಿದ್ದೆ, ಸರ್, ಅವತ್ತು ನಾನು ಬರೆದದ್ದು ಅಷ್ಟೇನೂ ತಪ್ಪಲ್ಲ. ಅಜ್ಜ ಕೂತು ಕೂತು ಆ ಮಣೆಯನ್ನು ಮನೆ ಮಾಡಿಬಿಟ್ಟಿದ್ದರು.

ಅಳಿಯ ಹೋದ. ಸೀಡರ್ ಹಲಗೆಯ ಒಂದಂಚು ಕರಿಯಾಗಿ ಹೋಗಿತ್ತು. ಇಂಥ ಹಲಗೆಯನ್ನು ಒಂದೆರಡು ಸಲ ಬಳಸಿ ಎಸೆಯುವುದಂತೆ. ಎಸೆಯಲು ಮನಸ್ಸು ಬಾರದೆ ಬಚ್ಚಲ ಒಲೆಯ ಹತ್ತಿರ ಒರಗಿಸಿಟ್ಟೆ. ಜೂನ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಬುಟ್ಟಿಯವಳಿಗೂ ಹೆಚ್ಚುಕಡಿಮೆ ರಜೆ. ಧಾರಾಕಾರ ಮಳೆ, ಒಣಮೀನು ಸುಟ್ಟು ಗಂಜಿಗೆ ನೆಂಚಿಕೊಳ್ಳುವ ದಿನಗಳು. ಒಂದು ದಿನ ಬೆಳಿಗ್ಗೆ ನೋಡಿದರೆ ನಮ್ಮ ಮನೆಯ ಬೆಕ್ಕು ಆ ಹಲಗೆಯನ್ನು ಕೆಡವಿಕೊಂಡು, ಅದರ ಮೇಲೆ ಸುರುಳಿ ಸುತ್ತಿ, ಮೂಗನ್ನು ಮರದ ನರಕ್ಕೆ ಒತ್ತಿ ಮಲಗಿದೆ. ಆರು ತಿಂಗಳ ಹಿಂದಿನ ನಾರ್ವೆ ಅದರ ಮೂಗಿಗೆ ಇನ್ನೂ ಸಿಗುತ್ತಿತ್ತೋ ಏನೋ. ಮೀಸೆ ಅಲುಗುತ್ತಿತ್ತು.

ರಾತ್ರಿ ಸಿಯಾಟಲ್‌ನಿಂದ ಫೋನು. ಅದೂ ಇದೂ ಮಾತಾದ ಮೇಲೆ ಅಳಿಯ ಕೇಳಿದ: ‘ಮಾವ, ಆ ಹಲ್ಗಿ ಬಿಸಾಡಿದ್ರ್ಯಾ?’

‘ಇಲ್ಯಾ ಮಗಾ’ ಎಂದೆ, ‘ಅದ್ರ ಮೇಲ್ ಒಬ್ರ್ ಕೂಕಂಡಿರ್.’